ಅಮ್ಮನ ಪಾಸ್‌ಪೋರ್ಟ್ ಫೀ 1350, ಇಲ್ಲಿಯವರೆಗೆ ಖರ್ಚಾಗಿದ್ದು 9100. ನಿಮ್ಮ ಕಡೆ ಹೇಗಿದೆ?

ಮಲೆನಾಡಿನ ಮಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಸರ ಮಾಡ್ಕೋಬೇಡಿ.

ತಂಗಿ ಜರ್ಮನಿಯಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ 62 ವರ್ಷ. ಧರ್ಮಸ್ಥಳ, ತಿರುಪತಿ ಬಿಟ್ಟರೆ ಬೇರೆಲ್ಲೂ ದೂರ ಹೋದವರಲ್ಲ. ಪಾಸ್‌ಪೋರ್ಟ್ ಹೊಸದಾಗಿಯೇ ಮಾಡಿಸಬೇಕಿತ್ತು.

ಅರ್ಜಿ ತುಂಬಿ ದುಡ್ಡು ಕಟ್ಟಿದ ದಿನ ಹತ್ತಿರದ ಕೇಂದ್ರದಲ್ಲಿ ಸಿಕ್ಕ ಸ್ಲಾಟ್ 31 ದಿನ ಆಚೆಗಿತ್ತು. ಹತ್ತಿರ ಅಂದರೂ ನಮ್ಮೂರಿಂದ ಎರಡೂವರೆ ಗಂಟೆ ದಾರಿ. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ ಆಗುತ್ತೆ, ಹಾಗಾಗಿ ಕಾರು ಬಾಡಿಗೆಗೆ ತಗೊಂಡೆ.

ಒಳಗೆ ಎ, ಬಿ, ಸಿ ಅಂತ ಮೂರು ಥರದ ಕೌಂಟರ್. ಎ ಕೌಂಟರಿನಲ್ಲಿ ಫೋಟೋ, ಬೆರಳಚ್ಚು. ಅಮ್ಮ ನಲವತ್ತು ವರ್ಷದಿಂದ ಅಡಿಕೆ ಸುಲಿದವರು. ಆ ಕೈ ನೋಡಿದವರಿಗೆ ಗೊತ್ತು. ಚೊಗರು ಹತ್ತಿ ಹೆಬ್ಬೆರಳು ಕಪ್ಪಾಗಿರುತ್ತೆ, ಗೆರೆ ಸವೆದು ನುಣ್ಣಗಾಗಿರುತ್ತೆ. ಗಾಜಿನ ಮೇಲೆ ಬೆರಳಿಟ್ಟರೆ ಸ್ಕ್ರೀನ್‌ನಲ್ಲಿ ಬರೀ ಬೂದು ಮಚ್ಚೆ. ಅಲ್ಲಿದ್ದ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಿಕೊಳ್ಳಲು ಹೇಳಿದಳು. ಆಗಲಿಲ್ಲ. ತನ್ನ ಬ್ಯಾಗಿನಿಂದ ವ್ಯಾಸಲಿನ್ ಡಬ್ಬಿ ತೆಗೆದು ಅಮ್ಮನ ಬೆರಳಿಗೆ ಹಚ್ಚಿದಳು. "ಅಜ್ಜಿ, ಗಟ್ಟಿ ಒತ್ತಬೇಡಿ, ಸುಮ್ನೆ ಇಡಿ" ಅಂದಳು. ಏಳನೇ ಸಲಕ್ಕೆ ಬಂತು. ಹಿಂದೆ ಜನ ಗೊಣಗುತ್ತಿದ್ದರೂ ಆ ಹುಡುಗಿ ಮುಖ ಸಿಂಡರಿಸಲಿಲ್ಲ. ಅವಳು ಚೆನ್ನಾಗಿರಲಿ.

ಆಮೇಲೆ ಬಿ ಕೌಂಟರ್. ಬಿ ಅಂತ ಬೋರ್ಡ್ ನಾಲ್ಕಿದ್ದವು, ಕುರ್ಚಿಯಲ್ಲಿ ಮನುಷ್ಯರಿದ್ದದ್ದು ಒಂದರಲ್ಲಿ. ಒಂದೂವರೆ ಗಂಟೆ ಕಾದೆವು. ಆಧಾರ್‌ನಲ್ಲಿ ಹೆಸರಿನ ಕೊನೆಗೆ "ಅಮ್ಮ" ಇದೆ, ವೋಟರ್ ಐಡಿಯಲ್ಲಿ ಇಲ್ಲ. ಸರಿಮಾಡಿಸಿಕೊಂಡು ಬನ್ನಿ ಅಂತ ಫೈಲ್ ತಡೆಹಿಡಿದರು. ಅಧಿಕಾರಿ ಒರಟಾಗೇನೂ ಮಾತಾಡಲಿಲ್ಲ. ಅವರಿಗೆ ನೀರು ಕುಡಿಯಲೂ ಪುರುಸೊತ್ತಿರಲಿಲ್ಲ.

ಎರಡನೇ ಸಲ ಹೋದಾಗ ಕೆಲಸ ಆಯಿತು. ಈಗ ಪೊಲೀಸ್ ವೆರಿಫಿಕೇಷನ್ ಮುಗಿದಿದೆ, ಪುಸ್ತಕಕ್ಕೆ ಕಾಯುತ್ತಿದ್ದೇವೆ.

ಲೆಕ್ಕ ಹೀಗಿದೆ. 60 ದಾಟಿದವರಿಗೆ ಹತ್ತು ಪರ್ಸೆಂಟ್ ಕಡಿಮೆ, ಫೀ 1350. ಸೈಬರ್ ಸೆಂಟರಿಗೆ 500. ಕಾರು ಎರಡು ಸಲಕ್ಕೆ 5600. ಊಟ, ಕಾಫಿ 700. ನೋಟರಿ, ಜೆರಾಕ್ಸ್ 450. ಮನೆಗೆ ಬಂದ ಪೊಲೀಸರಿಗೆ 500. ಒಟ್ಟು 9100. ನನ್ನ ರಜೆ, ಅಮ್ಮನ ಎರಡು ದಿನದ ಕೆಲಸ ಇದರಲ್ಲಿ ಸೇರಿಸಿಲ್ಲ.

ನಾನು ಕೇಳುವುದಿಷ್ಟೇ. ಕಂಪ್ಯೂಟರ್ ಇದೆ, ಎಸಿ ಇದೆ, ಟೋಕನ್ ಇದೆ. ಹಾಗಾದರೆ ತಡ ಎಲ್ಲಿ ಆಗ್ತಿದೆ? ಒಳಗಿನ ವಿಷಯ ಗೊತ್ತಿರುವವರು ದಯವಿಟ್ಟು ಹೇಳಿ.

ಕುಡ್ಲದವ

ಮಾರಾಯ್ರೆ, ನಿಮ್ಮ ಅಮ್ಮನ ಬೆರಳಿನ ಕತೆ ಓದಿ ಮನಸ್ಸಿಗೆ ಒಂಥರಾ ಆಯಿತು. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರಿಗೂ ಇದೇ ಪಾಡು.

ನಾನು ಮೊದಲ ಪಾಸ್‌ಪೋರ್ಟ್ ಮಾಡಿಸಿದ್ದು 1998ರಲ್ಲಿ. ಆಗ ಇಡೀ ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿಯೊಂದೇ. ರಾತ್ರಿ ಬಸ್ಸು ಹತ್ತಿ ಬೆಳಗ್ಗೆ ಐದಕ್ಕೆ ಹೋಗಿ ಸಾಲಲ್ಲಿ ನಿಲ್ಲುತ್ತಿದ್ದೆವು. ಆ ಕಾಲ ನೋಡಿದವರಿಗೆ ಈಗಿನದು ಸ್ವರ್ಗವೇ. ಅದನ್ನು ಮೊದಲು ಒಪ್ಪಿಕೊಳ್ಳಬೇಕು. 2010ರಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಂತ ಶುರುವಾದಾಗ ಪ್ರಯೋಗಕ್ಕೆ ಆರಿಸಿದ್ದೇ ನಮ್ಮ ರಾಜ್ಯವನ್ನು ಮತ್ತು ಚಂಡೀಗಢದ ಕಡೆಯನ್ನು. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ, ಮಾರತ್‌ಹಳ್ಳಿ, ಜೊತೆಗೆ ಹುಬ್ಬಳ್ಳಿ, ಮಂಗಳೂರು. 2012ರ ಹೊತ್ತಿಗೆ ದೇಶದಲ್ಲಿ 77 ಕೇಂದ್ರ ಆಯಿತು. ಆಮೇಲೆ 2017ರ ಜನವರಿಯಲ್ಲಿ ಅಂಚೆ ಕಚೇರಿಯೊಳಗೆ ಕೇಂದ್ರ ಮಾಡುವ ಯೋಜನೆ ಬಂತು. ಅದನ್ನೂ ಮೊದಲು ಮಾಡಿದ್ದು ಮೈಸೂರಿನಲ್ಲಿ ಮತ್ತು ಗುಜರಾತಿನ ದಾಹೋದ್‌ನಲ್ಲಿ. ಈಗ ಅಂಥವೇ 400 ದಾಟಿವೆ.

ಕಷ್ಟ ಇರುವುದು ಗಲ್ಫ್‌ಗೆ ಹೋಗುವ ಹುಡುಗರಿಗೆ. ವೀಸಾ ಬಂದು ಕೂತಿರುತ್ತದೆ, ಕಂಪನಿಯವರು ಇಂಥ ದಿನದೊಳಗೆ ಬಾ ಅಂತಾರೆ. ಸಾದಾ ಸ್ಲಾಟ್‌ಗೆ ಒಂದು ತಿಂಗಳು ಕಾಯಲು ಅವರಿಂದ ಆಗುವುದಿಲ್ಲ. ಬೇಗ ಸಿಗುವ ತತ್ಕಾಲ್‌ಗೆ ಹೋಗಲೇಬೇಕು. ಸಾದಾ ಫೀ 1500ರ ಮೇಲೆ ಇನ್ನೂ 2000. ಒಟ್ಟು 3500. ಮೊದಲ ಸಂಬಳ ನೋಡುವ ಮುಂಚೆಯೇ ಸಾಲ.

ಹಳೇ ಎ ಕೌಂಟರ್

ನಾನು ಮೂರು ವರ್ಷ ಒಂದು ಕೇಂದ್ರದ ಎ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ. ಯಾವ ಊರು ಅಂತ ಬೇಡ. ಮಲೆನಾಡಿನ ಅಣ್ಣನ ಪ್ರಶ್ನೆಗೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಎ ಕೌಂಟರಿನಲ್ಲಿ ಇರುವವರು ಸರ್ಕಾರಿ ನೌಕರರಲ್ಲ. ಟಿಸಿಎಸ್ ಅನ್ನುವ ಖಾಸಗಿ ಕಂಪನಿ ಮೂಲಕ ಬಂದವರು. 2008ರಲ್ಲಿ ಆ ಕಂಪನಿಗೆ ಕಾಂಟ್ರ್ಯಾಕ್ಟ್ ಸಿಕ್ಕಿತು, ಎರಡನೇ ಹಂತವೂ ಅವರಿಗೇ ಸಿಕ್ಕಿದೆ. ಅರ್ಜಿ ನೋಡುವುದು, ದಾಖಲೆ ಸ್ಕ್ಯಾನ್ ಮಾಡುವುದು, ಫೋಟೋ, ಬೆರಳಚ್ಚು, ಇಷ್ಟು ನಮ್ಮ ಕೆಲಸ. ಇದು ಸರಿ, ಇದು ತಪ್ಪು ಅನ್ನುವ ಅಧಿಕಾರ ನಮಗಿರಲಿಲ್ಲ. ಬಿ ಕೌಂಟರಿನಲ್ಲಿ ದಾಖಲೆ ಪರಿಶೀಲಿಸುವುದು ವಿದೇಶಾಂಗ ಇಲಾಖೆಯ ಪಾಸ್‌ಪೋರ್ಟ್ ಸಿಬ್ಬಂದಿ. ಸಿ ಕೌಂಟರಿನಲ್ಲಿ ಕೊಡಬಹುದು, ಕೊಡಬಾರದು ಅಂತ ತೀರ್ಮಾನ ಮಾಡುವ ಅಧಿಕಾರಿಯೂ ಅದೇ ಇಲಾಖೆಯವರು. ಅದು ಹಾಗೇ ಇರಬೇಕು ಕೂಡ. ಪಾಸ್‌ಪೋರ್ಟ್ ಕೊಡುವ ನಿರ್ಧಾರ ಖಾಸಗಿಯವರ ಕೈಗೆ ಹೋಗಬಾರದು.

ಆದರೆ ಇದರಿಂದ ಏನಾಗುತ್ತೆ ನೋಡಿ. ಎ ಕೌಂಟರಿನಲ್ಲಿ ಜನ ಕಡಿಮೆ ಬಿದ್ದರೆ ಕಂಪನಿ ಒಂದು ತಿಂಗಳಲ್ಲಿ ಹೊಸಬರನ್ನು ತಂದು ಕೂರಿಸುತ್ತೆ. ಬಿ, ಸಿ ಕೌಂಟರಿನ ಒಂದು ಹುದ್ದೆ ಖಾಲಿ ಆದರೆ ಕೇಂದ್ರ ಸರ್ಕಾರದ ನೇಮಕಾತಿಯ ಎಸ್‌ಎಸ್‌ಸಿ ಪರೀಕ್ಷೆ ಆಗಬೇಕು, ರಿಸಲ್ಟ್ ಬರಬೇಕು, ಪೋಸ್ಟಿಂಗ್ ಆಗಬೇಕು, ತರಬೇತಿ ಆಗಬೇಕು. ಅಲ್ಲಿಯವರೆಗೆ ಕುರ್ಚಿ ಖಾಲಿ. ನಮ್ಮಲ್ಲಿ ಸಿ ಕೌಂಟರ್ ಮೇಡಂ ಒಬ್ಬರು ಹೆರಿಗೆ ರಜೆಗೆ ಹೋದಾಗ ಐದು ತಿಂಗಳು ಬದಲಿ ಬರಲಿಲ್ಲ. ಇದ್ದ ಒಬ್ಬರು ಸರ್ ಮಧ್ಯಾಹ್ನ ಡಬ್ಬಿ ಬಿಚ್ಚಿ, ಒಂದು ತುತ್ತು ತಿಂದು, ಟೋಕನ್ ಸದ್ದು ಕೇಳಿ ಮುಚ್ಚಿಡುತ್ತಿದ್ದರು. ನಾನು ಕಣ್ಣಾರೆ ನೋಡಿದ್ದು.

ದಿನಕ್ಕೆ ಎಷ್ಟು ಸ್ಲಾಟ್ ಬಿಡಬೇಕು ಅನ್ನುವುದು ಎ ಕೌಂಟರ್ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಬಿ, ಸಿಯಲ್ಲಿ ಎಷ್ಟು ಫೈಲ್ ಮುಗಿಸಬಹುದು ಅನ್ನುವುದರ ಮೇಲೆ ನಿಲ್ಲುತ್ತೆ. ಹತ್ತು ಎ ಕೌಂಟರ್ ಇಟ್ಟು ಬಿ ಕೌಂಟರಿನಲ್ಲಿ ಒಬ್ಬರನ್ನು ಕೂರಿಸಿದರೆ, ಹತ್ತು ಕಾಲುವೆಯ ನೀರನ್ನು ಒಂದೇ ತೂಬಿನಲ್ಲಿ ಬಿಟ್ಟ ಹಾಗೆ. ಮಲೆನಾಡಿನ ಅಣ್ಣ ನೋಡಿದ ನಾಲ್ಕು ಬೋರ್ಡ್, ಒಂದು ಕುರ್ಚಿ. ಅದೇ ಉತ್ತರ.

ಕೇಂದ್ರ ಹೆಚ್ಚಾದವು, ಸಂತೋಷ. ಆದರೆ ನಾನಿದ್ದಷ್ಟು ದಿನ ನಮ್ಮ ಕಡೆ ಹೊಸ ಕೇಂದ್ರ ತೆರೆದಾಗೆಲ್ಲ ಇದ್ದವರಲ್ಲೇ ಒಬ್ಬರನ್ನು ಅಲ್ಲಿಗೆ ಕಳಿಸಿದರು. ಅಲ್ಲಿ ಒಂದು ದೀಪ ಹತ್ತಿತು, ಇಲ್ಲಿ ಒಂದು ಆರಿತು.

ಮಲೆನಾಡಿನ ಮಗ

ಅಕ್ಕ, ತುಂಬಾ ಥ್ಯಾಂಕ್ಸ್. ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ಒಂದು ಸಂಶಯ. ಪುಸ್ತಕ ಪ್ರಿಂಟ್ ಆಗುವುದು ಕೇಂದ್ರದಲ್ಲೇನಾ?

ಹಳೇ ಎ ಕೌಂಟರ್

ಇಲ್ಲಣ್ಣ. ಖಾಲಿ ಪುಸ್ತಕ ಬರುವುದು ನಾಸಿಕ್‌ನ ಸರ್ಕಾರಿ ಪ್ರೆಸ್ಸಿನಿಂದ. ಅದರಲ್ಲಿ ಅಮ್ಮನ ವಿವರ ಪ್ರಿಂಟ್ ಆಗುವುದು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ಕಡೆಯಿಂದ, ನಮ್ಮ ರಾಜ್ಯಕ್ಕೆ ಅದು ಕೋರಮಂಗಲದಲ್ಲಿದೆ. ಅಲ್ಲಿಂದ ಸ್ಪೀಡ್ ಪೋಸ್ಟ್. ಪೊಲೀಸ್ ರಿಪೋರ್ಟ್ ಚೆನ್ನಾಗಿ ಬಂದಿದ್ದರೆ ಆಮೇಲೆ ಹೆಚ್ಚು ದಿನ ಹಿಡಿಯುವುದಿಲ್ಲ. ಬೆರಳಚ್ಚಿಗೆ ವ್ಯಾಸಲಿನ್ ಹಚ್ಚುವುದು ನಾವೆಲ್ಲ ಮಾಡುತ್ತಿದ್ದ ಉಪಾಯವೇ. ಓದಿ ಕಣ್ಣು ತುಂಬಿತು.

ಬೀದರ್ ಬಿದರಿ

ನೀವು ಎರಡೂವರೆ ಗಂಟೆ ಅಂತೀರಿ ಅಣ್ಣಾರೆ. ನಮ್ಮ ಕಾಕಾ ಬೀದರಿನಿಂದ ಬೆಂಗಳೂರಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿದವರು. ಸುಮಾರು 700 ಕಿಲೋಮೀಟರ್. ಹೈದರಾಬಾದ್ ನಮಗೆ ಮೂರು ಗಂಟೆ ದಾರಿ. ಆದರೆ ಆಗ ಅಲ್ಲಿ ಅರ್ಜಿ ಹಾಕುವಂತಿರಲಿಲ್ಲ, ರಾಜ್ಯ ಬೇರೆ ಅಂತ. 2018ರ ಜೂನ್‌ನಲ್ಲಿ ದೇಶದ ಯಾವ ಕೇಂದ್ರದಲ್ಲಾದರೂ ಅರ್ಜಿ ಹಾಕಬಹುದು ಅಂತ ಬದಲಾಯಿತು. ಗಡಿ ಜಿಲ್ಲೆಯವರಿಗೆ ಅಷ್ಟು ಉಪಕಾರ ಮಾಡಿದ ನಿಯಮ ಇನ್ನೊಂದಿಲ್ಲ. ಪೊಲೀಸ್ ವೆರಿಫಿಕೇಷನ್ ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸದ ಠಾಣೆಗೇ ಬರುತ್ತದೆ.

ಇದು ಬಹಳ ಮಂದಿಗೆ ಇನ್ನೂ ಗೊತ್ತಿಲ್ಲ. ನಿಮ್ಮ ಊರಿನ ಕೇಂದ್ರದಲ್ಲಿ ತಿಂಗಳು ಕಾಯಬೇಕಾದರೆ ಪಕ್ಕದ ರಾಜ್ಯದ ಕೇಂದ್ರವನ್ನೂ ನೋಡಿ. ಬಳ್ಳಾರಿಯವರು ಆಂಧ್ರದ ಕಡೆ, ಬೆಳಗಾವಿಯವರು ಮಹಾರಾಷ್ಟ್ರದ ಕಡೆ ನೋಡಬಹುದು.

ಲೆಕ್ಕದ ಮೇಷ್ಟ್ರು

ತತ್ಕಾಲ್ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

2012ರ ಅಕ್ಟೋಬರಿನಲ್ಲಿ ಸಾದಾ ಫೀ 1000ದಿಂದ 1500 ಆಯಿತು. ತತ್ಕಾಲ್ ಹೆಚ್ಚುವರಿ 2000. 60 ಪುಟದ ಪುಸ್ತಕಕ್ಕೆ ಸಾದಾ 2000, ತತ್ಕಾಲ್ 4000. ಫೀ ಜಾಸ್ತಿ ಅಂತ ನಾನು ಜಗಳ ಆಡುವುದಿಲ್ಲ. ಹತ್ತು ವರ್ಷ ನಡೆಯುವ ಪುಸ್ತಕ, ವರ್ಷಕ್ಕೆ 150 ಬಿತ್ತು. ನನ್ನ ತಕರಾರು ಬೇರೆ. ತತ್ಕಾಲ್ ಇರುವುದು ತುರ್ತು ಇರುವವರಿಗೆ. ತಂದೆ ತೀರಿಕೊಂಡರು, ಆಪರೇಷನ್ ಇದೆ, ಕೆಲಸದ ದಿನ ಹತ್ತಿರ ಬಂತು, ಅಂಥವರಿಗೆ. ಸಾದಾ ಸಾಲು ತಿಂಗಳುಗಟ್ಟಲೆ ಆದಾಗ ತುರ್ತು ಇಲ್ಲದವರೂ ಅಲ್ಲಿಗೇ ಹೋಗುತ್ತಾರೆ. ಕೋವಿಡ್ ಮುಗಿದ ಮೇಲೆ, 2022ರಲ್ಲಿ ಇದೇ ಆಯಿತು. ಎರಡು ವರ್ಷ ತಡೆದಿದ್ದವರೆಲ್ಲ ಒಟ್ಟಿಗೆ ಬಂದರು. ಶನಿವಾರವೂ ಕೇಂದ್ರ ತೆರೆದು ವಿಶೇಷ ಸ್ಲಾಟ್ ಬಿಡಬೇಕಾಯಿತು. ಶನಿವಾರ ಬಂದು ಕೂತವರು ಯಾರು? ಅದೇ ಬಿ ಕೌಂಟರ್, ಅದೇ ಸಿ ಕೌಂಟರ್ ಜನ.

ದುಡ್ಡಿರುವವರು 2000 ಕೊಟ್ಟು ಮುಂದೆ ಹೋಗುತ್ತಾರೆ. ತತ್ಕಾಲ್ ಫೈಲ್ ನೋಡುವುದೂ ಅದೇ ಒಬ್ಬ ಅಧಿಕಾರಿ ಅಲ್ವಾ? ಅವರು ಒಂದು ತತ್ಕಾಲ್ ಫೈಲ್ ಹಿಡಿದಾಗ ಒಂದು ಸಾದಾ ಫೈಲ್ ಹಿಂದೆ ಉಳಿಯುತ್ತೆ. ಅಂದರೆ ಆ 2000ದಿಂದ ಕೆಲಸ ಮಾಡುವ ಕೈ ಒಂದೂ ಹೆಚ್ಚಲಿಲ್ಲ. ಸಾಲಿನಲ್ಲಿ ನಿಂತವರ ಜಾಗ ಮಾತ್ರ ಬದಲಾಯಿತು.

ಇನ್ನೊಂದು ಹೋಲಿಕೆ. ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆ ಇದೆ. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಇಷ್ಟು ದಿನದಲ್ಲಿ ಕೊಡಬೇಕು ಅಂತಿದೆ. ತಡವಾದರೆ ದಿನಕ್ಕೆ 20 ರೂಪಾಯಿ, 500ರವರೆಗೆ ಪರಿಹಾರ ಕೇಳಬಹುದು. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸೇವೆ, ಅದಕ್ಕೆ ಇದು ಅನ್ವಯಿಸುವುದಿಲ್ಲ. ದುಡ್ಡು ಕಟ್ಟಿದ ಮೇಲೆ ಸ್ಲಾಟ್‌ಗೆ ಎಷ್ಟು ದಿನ ಕಾಯಿಸಬಹುದು ಅನ್ನುವುದಕ್ಕೂ ಇಂಥದೊಂದು ಮಿತಿ ಬೇಕು.

ಕುಡ್ಲದವ

ಮೇಷ್ಟ್ರೇ, ನಿಮ್ಮ ಮಾತು ಪೂರ್ತಿ ಒಪ್ಪುವುದಿಲ್ಲ. ತತ್ಕಾಲ್ ಇಲ್ಲದಿದ್ದರೆ ನಮ್ಮ ಎಷ್ಟೋ ಹುಡುಗರ ಕೆಲಸ ಹೋಗುತ್ತಿತ್ತು. ನನ್ನ ಅಳಿಯನ ಪುಸ್ತಕ ನಾಲ್ಕನೇ ದಿನ ಮನೆಗೆ ಬಂತು, ಪೊಲೀಸ್ ವೆರಿಫಿಕೇಷನ್ ಆಮೇಲೆ ಆಯಿತು. ಆ ವ್ಯವಸ್ಥೆ ಬೇಕು. ಸಾದಾ ಸಾಲು ಸರಿಹೋಗಲಿ ಅನ್ನುವುದಕ್ಕೆ ನನ್ನದೂ ಒಪ್ಪಿಗೆ.

ಲೆಕ್ಕದ ಮೇಷ್ಟ್ರು

ತತ್ಕಾಲ್ ತೆಗೆಯಿರಿ ಅಂತ ನಾನೂ ಹೇಳುತ್ತಿಲ್ಲ. ಸಾದಾ ಸ್ಲಾಟ್ ಒಂದು ವಾರದೊಳಗೆ ಸಿಕ್ಕರೆ ನಿಜವಾದ ತುರ್ತು ಇರುವವರಿಗೆ ಮಾತ್ರ ತತ್ಕಾಲ್ ಉಳಿಯುತ್ತೆ. ಆಗ ನಿಮ್ಮ ಅಳಿಯನಂಥವರಿಗೆ ಇನ್ನೂ ಒಳ್ಳೆಯದು.

ಪೊಲೀಸ್ ಮನೆ ಮಗಳು

ಅಪ್ಪ ಎಎಸ್‌ಐ ಆಗಿ ನಿವೃತ್ತರಾದವರು. 500 ಕೊಟ್ಟೆ ಅಂತ ಬರೆದಿದ್ದೀರಲ್ಲ, ಅದರ ಬಗ್ಗೆ ಎರಡು ಮಾತು.

ಮೊದಲನೆಯದು, ಕೊಡಬೇಡಿ. ವೆರಿಫಿಕೇಷನ್‌ಗೆ ಅರ್ಜಿದಾರರು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ ಲಂಚ ಕೊಟ್ಟವರೇ ಬರೆದು ಹೇಳಿಕೊಳ್ಳುವ ವೆಬ್‌ಸೈಟ್ ಶುರುಮಾಡಿತು. ಅಲ್ಲಿ ಪಾಸ್‌ಪೋರ್ಟ್ ವೆರಿಫಿಕೇಷನ್ ಅನ್ನುವುದೇ ಒಂದು ವಿಭಾಗ. ಎಲ್ಲರೂ ಐನೂರು ತಾನೇ ಅಂತ ಕೊಟ್ಟು ಕೊಟ್ಟು ಅದು ರೇಟ್ ಆಗಿಬಿಟ್ಟಿದೆ. ಕೂಲಿ ಮಾಡುವವರಿಗೆ ಅದು ಒಂದು ದಿನದ ದುಡಿಮೆ.

ಎರಡನೆಯದು, ಪೊಲೀಸರ ಕಡೆಯದನ್ನೂ ನೋಡಿ. ಅರ್ಜಿ ಎಸ್‌ಪಿ ಕಚೇರಿಗೆ ಬಂದು ಅಲ್ಲಿಂದ ಠಾಣೆಗೆ ಬರುತ್ತೆ. 21 ದಿನದೊಳಗೆ ರಿಪೋರ್ಟ್ ಕಳಿಸಿದರೆ ಒಂದು ಅರ್ಜಿಗೆ 150 ರೂಪಾಯಿಯಂತೆ ವಿದೇಶಾಂಗ ಇಲಾಖೆ ರಾಜ್ಯಕ್ಕೆ ಕೊಡುತ್ತೆ. ತಡವಾದರೆ ಕಡಿಮೆ. ಆದರೆ ಆ ದುಡ್ಡು ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಹೋಗುವ ಕಾನ್‌ಸ್ಟೆಬಲ್ ಕೈಗೆ ಬರುವುದಿಲ್ಲ. ಅಪ್ಪನ ಹತ್ತಿರ ಒಂದು ಹಸಿರು ರಟ್ಟಿನ ಫೈಲ್ ಇತ್ತು. ಜಾತ್ರೆ ಬಂದೋಬಸ್ತ್, ಕೋರ್ಟ್ ಸಮನ್ಸ್, ರಾತ್ರಿ ಗಸ್ತು, ಎಲ್ಲ ಮುಗಿಸಿ ಆ ಫೈಲ್ ತೆಗೆಯುತ್ತಿದ್ದರು. ಪೆಟ್ರೋಲ್ ಅವರದೇ. ಲಂಚಕ್ಕೆ ಇದು ಸಮರ್ಥನೆ ಅಲ್ಲವೇ ಅಲ್ಲ. ಅಪ್ಪ ತಗೊಳ್ಳಲಿಲ್ಲ, ಅದಕ್ಕೆ ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಆದರೆ ಪೆಟ್ರೋಲ್ ಖರ್ಚು ಆ ಕೆಲಸ ಮಾಡುವವರಿಗೇ ನೇರವಾಗಿ ಸಿಗಬೇಕು ಅಂತ ಕೇಳುವುದು ನ್ಯಾಯ.

2018ರಲ್ಲಿ ವೆರಿಫಿಕೇಷನ್ ಫಾರ್ಮಿನ ಪ್ರಶ್ನೆಗಳನ್ನು ಕಡಿಮೆ ಮಾಡಿದರು. ಮುಖ್ಯವಾಗಿ ನೋಡಬೇಕಾದ್ದು ಎರಡು, ಈ ವ್ಯಕ್ತಿ ಭಾರತದ ಪ್ರಜೆಯೇ, ಮೇಲೆ ಕ್ರಿಮಿನಲ್ ಕೇಸ್ ಇದೆಯೇ. ಅದಕ್ಕೆ ಮೂರು ಸಲ ಠಾಣೆಗೆ ಅಲೆಸುವ ಅಗತ್ಯ ಇಲ್ಲ.

ಮಲೆನಾಡಿನ ಮಗ

ನೀವು ಹೇಳಿದ್ದು ಸರಿ ಅಕ್ಕ. ಕೊಟ್ಟಿದ್ದು ನನ್ನ ತಪ್ಪು. ಅವರು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಹೊರಡಲೂ ಇಲ್ಲ. ಅಮ್ಮ ಒಳಗಿಂದ ಕಣ್ಸನ್ನೆ ಮಾಡಿದರು, ಕೊಟ್ಟು ಕಳಿಸು ಅಂತ. ಎಲ್ಲಿ ಫೈಲ್ ಕೂರಿಸಿಬಿಡುತ್ತಾರೋ ಅನ್ನುವ ಭಯ. ತಂಗಿಗೆ ಆಗ ಎಂಟು ತಿಂಗಳು.

ತಾಲೂಕು ಸೈಬರ್

ನಾನು ಸೈಬರ್ ಸೆಂಟರ್ ಇಟ್ಟುಕೊಂಡವನು. ನಮ್ಮನ್ನು ಎಲ್ಲರೂ ಏಜೆಂಟ್ ಅಂತ ಬೈಯುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಪಾಸ್‌ಪೋರ್ಟ್ ಅರ್ಜಿಯನ್ನು ಕನ್ನಡದಲ್ಲಿ ತುಂಬಲು ಆಗುವುದಿಲ್ಲ. ನಮ್ಮ ಅಂಗಡಿಗೆ ಬರುವ ಹತ್ತರಲ್ಲಿ ಏಳು ಜನ ಅದಕ್ಕಾಗಿಯೇ ಬರುತ್ತಾರೆ. ಅದರಲ್ಲೂ ಮೊದಲ ಎರಡು ಕಾಲಂ, ಗಿವನ್ ನೇಮ್ ಮತ್ತು ಸರ್‌ನೇಮ್. ನಮ್ಮ ಕಡೆ ಎಷ್ಟು ಜನಕ್ಕೆ ಸರ್‌ನೇಮ್ ಇದೆ? ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿಂದು, ಒಂದು ಅಪ್ಪನದು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಬಿಡಿಸಿದರೆ ಆಧಾರ್‌ಗೆ ಹೊಂದುವುದಿಲ್ಲ. ಬಿಟ್ಟರೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೊಂದುವುದಿಲ್ಲ. ಕೊನೆಗೆ ಸರ್‌ನೇಮ್ ಖಾಲಿ ಬಿಟ್ಟು ಒಂದೇ ಹೆಸರು ಹಾಕುತ್ತಾರೆ.

ಕುಡ್ಲದವ

ಸೈಬರ್ ಅಣ್ಣ, ಅದನ್ನು ಮಾತ್ರ ಮಾಡಿಸಬೇಡಿ. 2022ರ ನವೆಂಬರಿನಿಂದ ಯುಎಇ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದು ನಿಲ್ಲಿಸಿದೆ. ಆಮೇಲೆ ಸರ್‌ನೇಮ್ ಸೇರಿಸಲು ಮತ್ತೆ ರೀಇಶ್ಯೂ ಅರ್ಜಿ, ಮತ್ತೆ 1500, ಮತ್ತೆ ಅದೇ ಸಾಲು. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಮೊದಲೇ ಸರ್‌ನೇಮ್ ಮಾಡಿ. ಅದಕ್ಕೆ ತಕ್ಕಂತೆ ಆಧಾರ್ ಸರಿಮಾಡಿಸಿ ಆಮೇಲೆ ಅರ್ಜಿ ಹಾಕಿ.

ತಾಲೂಕು ಸೈಬರ್

ಈಗ ಹಾಗೇ ಮಾಡಿಸುತ್ತಿದ್ದೇವೆ. ಮೊದಲು ಗೊತ್ತಿಲ್ಲದೆ ಕಳಿಸಿದ ಹುಡುಗರಲ್ಲಿ ಇಬ್ಬರು ಹಾಗೆ ವಾಪಸ್ ಬಂದರು. ಅವರ ರೀಇಶ್ಯೂ ಅರ್ಜಿಗೆ ನಾನು ದುಡ್ಡು ತಗೊಳ್ಳಲಿಲ್ಲ.

ನಾನು ಹೇಳಬೇಕಾದ್ದು ಇಷ್ಟು. ಬಿ ಕೌಂಟರಿನಲ್ಲಿ ವಾಪಸ್ ಬರುವ ಫೈಲುಗಳಲ್ಲಿ ಹೆಚ್ಚಿನವು ಹೆಸರಿನ ತೊಂದರೆಯವು, ನನ್ನ ಅನುಭವದಲ್ಲಿ. ಅವರು ಎರಡನೇ ಸಲ ಹೋದರೆ ಅಲ್ಲಿ ಇನ್ನೊಬ್ಬರ ಜಾಗ ಹೋಯಿತು. ಅರ್ಜಿಯ ಪಕ್ಕದಲ್ಲೇ ಕನ್ನಡದಲ್ಲಿ ನಾಲ್ಕು ಸಾಲು ಸೂಚನೆ ಇದ್ದಿದ್ದರೆ ಅರ್ಧ ಜನ ಎರಡನೇ ಸಲ ಹೋಗಬೇಕಾಗಿರಲಿಲ್ಲ. ಹೊಸ ಅಧಿಕಾರಿ ಬರಲು ವರ್ಷ ಬೇಕು. ನಾಲ್ಕು ಸಾಲು ಕನ್ನಡ ಹಾಕಲು ಒಂದು ವಾರ ಸಾಕು.

ಹಳೇ ಎ ಕೌಂಟರ್

ನೂರಕ್ಕೆ ನೂರು ನಿಜ. ವಾಪಸ್ ಕಳಿಸಿದ ಪ್ರತಿ ಫೈಲ್ ನಮಗೆ ಎರಡು ಫೈಲಿನ ಕೆಲಸ.

ಲೆಸ್ಟರ್ ಕನ್ನಡತಿ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ ನಮ್ಮ ಕನ್ನಡದವರ ಮಕ್ಕಳು ಬಹಳ ಜನ ಬ್ರಿಟಿಷ್ ಪಾಸ್‌ಪೋರ್ಟಿನವರು. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬರಬೇಕಾದರೆ ಅದು ಬೇಕೇ ಬೇಕು. ಕೋವಿಡ್‌ಗೆ ಮೊದಲು ಮೂರು ವಾರ ಅನ್ನುತ್ತಿದ್ದರು. 2021ರಲ್ಲಿ ಹತ್ತು ವಾರ ಬಿಟ್ಟುಕೊಂಡು ಅರ್ಜಿ ಹಾಕಿ ಅಂತ ಬದಲಾಯಿಸಿದರು. ಕೋವಿಡ್ ಕಾಲದಲ್ಲಿ ಸುಮಾರು 50 ಲಕ್ಷ ಜನ ನವೀಕರಣ ಮುಂದೂಡಿದ್ದರು, ಅವರೆಲ್ಲ ಒಟ್ಟಿಗೆ ಬಂದರು. ಇಲ್ಲಿನ ಲೆಕ್ಕಪರಿಶೋಧನಾ ಕಚೇರಿ ತನಿಖೆ ಮಾಡಿ 2022ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಆ ವರ್ಷ ಜನವರಿಯಿಂದ ಸೆಪ್ಟೆಂಬರವರೆಗೆ 3,60,000ಕ್ಕೂ ಹೆಚ್ಚು ಜನ ಹತ್ತು ವಾರಕ್ಕಿಂತ ಜಾಸ್ತಿ ಕಾದಿದ್ದರು.

2023ರ ಏಪ್ರಿಲ್, ಮೇನಲ್ಲಿ ಪಾಸ್‌ಪೋರ್ಟ್ ಸಿಬ್ಬಂದಿ ಸಂಬಳಕ್ಕಾಗಿ ಐದು ವಾರ ಮುಷ್ಕರ ಮಾಡಿದರು, ಸಾವಿರಕ್ಕೂ ಹೆಚ್ಚು ಜನ. ಫೀ ಮಾತ್ರ ಏರುತ್ತಲೇ ಹೋಯಿತು. ಆನ್‌ಲೈನ್‌ನಲ್ಲಿ ದೊಡ್ಡವರಿಗೆ 75.50 ಪೌಂಡ್ ಇದ್ದದ್ದು 2023ರಲ್ಲಿ 82.50, 2024ರಲ್ಲಿ 88.50, 2025ರಲ್ಲಿ 94.50. ಭಾರತದ 1500 ಇದರ ಮುಂದೆ ಏನೂ ಅಲ್ಲ.

ಒಂದು ವ್ಯತ್ಯಾಸ ಇದೆ. ಎಷ್ಟು ಜನ ಎಷ್ಟು ವಾರ ಕಾದರು ಅನ್ನುವ ಅಂಕಿ ಇಲ್ಲಿ ಸಾರ್ವಜನಿಕವಾಗಿ ಹೊರಬಂತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂತು, ಹೆಚ್ಚು ಜನರನ್ನು ತಗೊಂಡರು. ಅಂಕಿ ಕೈಯಲ್ಲಿದ್ದಾಗ ಕೇಳುವವರಿಗೆ ಬಲ ಬರುತ್ತೆ. ಮಲೆನಾಡಿನ ಅಣ್ಣನ ನಾಲ್ಕು ಬೋರ್ಡ್, ಒಂದು ಕುರ್ಚಿ ಇದೆಯಲ್ಲ, ಅದೂ ಅಂಕಿಯೇ.

ಹೊಸಬ 22

ಓದಿ ತಲೆ ತಿರುಗಿತು. ಮುಂದಿನ ತಿಂಗಳು ನನ್ನದು ಮೊದಲ ಅರ್ಜಿ. ಯಾರಾದರೂ ಮುಖ್ಯವಾದದ್ದನ್ನು ಹೇಳ್ತೀರಾ?

ಹಳೇ ಎ ಕೌಂಟರ್

ಹೆದರಬೇಡ ತಮ್ಮಾ. ಸೈಟ್ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇರಲೇಬೇಕು. ಅದೇ ಥರ ಕಾಣುವ ನಕಲಿ ಸೈಟುಗಳಿವೆ, ಅಲ್ಲಿ ದುಡ್ಡು ಕಟ್ಟಬೇಡ. ಒರಿಜಿನಲ್ ದಾಖಲೆ ಎಲ್ಲ ತಗೊಂಡು ಹೋಗು. ಕೈಗೆ ಮೆಹಂದಿ ಹಚ್ಚಿಕೊಂಡು ಹೋಗಬೇಡ, ಬೆರಳಚ್ಚಿಗೆ ತೊಂದರೆ. ಸ್ಲಾಟ್ ಮುಂದೂಡಲು ವರ್ಷದಲ್ಲಿ ಮೂರೇ ಅವಕಾಶ, ಸುಮ್ಮಸುಮ್ಮನೆ ಬದಲಾಯಿಸಬೇಡ. ದಿನ ದೂರ ಇದ್ದರೆ ಬೆಳಗ್ಗೆ, ಮಧ್ಯಾಹ್ನ ಒಮ್ಮೊಮ್ಮೆ ನೋಡ್ತಾ ಇರು, ಬೇರೆಯವರು ಬಿಟ್ಟ ಸ್ಲಾಟ್ ಸಿಗುತ್ತೆ. ಸಂಶಯ ಬಂದರೆ 1800-258-1800ಕ್ಕೆ ಫೋನ್ ಮಾಡು. ಮದುವೆಯಾದ ಅಕ್ಕಂದಿರಿಗೂ ಒಂದು ಮಾತು, ಮ್ಯಾರೇಜ್ ಸರ್ಟಿಫಿಕೇಟ್ ಕಡ್ಡಾಯ ಅನ್ನುವುದು 2016ರ ಕೊನೆಯಲ್ಲೇ ಹೋಗಿದೆ. ಏಜೆಂಟರ ಮಾತು ನಂಬಬೇಡಿ. ಪುಟ್ಟ ಮಕ್ಕಳಿದ್ದವರಿಗೆ, 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರವೇ ಬೇಕು, ಬೇರೆ ದಾಖಲೆ ನಡೆಯುವುದಿಲ್ಲ.

ಮಲೆನಾಡಿನ ಮಗ

ಹನ್ನೆರಡು ದಿನ ಆದಮೇಲೆ ಬರೆಯುತ್ತಿದ್ದೇನೆ.

ನಿನ್ನೆ ಪೋಸ್ಟ್‌ಮ್ಯಾನ್ ಬಂದರು. ಮಳೆ ಹೊಡೆಯುತ್ತಿತ್ತು, ಅವರು ಕವರನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ರೈನ್‌ಕೋಟ್ ಒಳಗೆ ಇಟ್ಟುಕೊಂಡು ತಂದಿದ್ದರು. ಅಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಸಹಿ ಹಾಕಿದರು. ಪುಸ್ತಕ ಬಿಡಿಸಿ ಫೋಟೋ ನೋಡಿ, "ನಾನು ಇಷ್ಟು ವಯಸ್ಸಾದವಳ ಥರ ಕಾಣ್ತೀನಾ?" ಅಂದರು. ಆಮೇಲೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಲು ಹೋದರು, ನಾನು ಓಡಿಹೋಗಿ ತಡೆದೆ.

ತಂಗಿಗೆ ಹೋದ ಗುರುವಾರ ಹೆಣ್ಣುಮಗು ಆಯಿತು. ಅಮ್ಮ ಇರಲಿಲ್ಲ. ಫೋನಿನಲ್ಲೇ ಎಣ್ಣೆ ಹೇಗೆ ಹಚ್ಚಬೇಕು, ಬಾಣಂತಿ ಖಾರ ಹೇಗೆ ಮಾಡಬೇಕು ಅಂತ ಹೇಳಿಕೊಡುತ್ತಿದ್ದಾರೆ. ಇನ್ನು ವೀಸಾ ಆಗಬೇಕು.

ನೀವೆಲ್ಲ ಹೇಳಿದ್ದು ಓದಿ ಒಂದು ಕೆಲಸ ಮಾಡಿದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ, ಆನ್‌ಲೈನ್‌ನಲ್ಲೇ, 10 ರೂಪಾಯಿ. ಮೂರು ಪ್ರಶ್ನೆ ಕೇಳಿದ್ದೇನೆ. ನಾವು ಹೋದ ಕೇಂದ್ರಕ್ಕೆ ಬಿ ಮತ್ತು ಸಿ ಕೌಂಟರಿನ ಎಷ್ಟು ಹುದ್ದೆ ಮಂಜೂರಾಗಿವೆ, ಈಗ ಎಷ್ಟು ಜನ ಇದ್ದಾರೆ? ಕಳೆದ ಹನ್ನೆರಡು ತಿಂಗಳಲ್ಲಿ ತಿಂಗಳವಾರು ಎಷ್ಟು ಸಾದಾ ಸ್ಲಾಟ್, ಎಷ್ಟು ತತ್ಕಾಲ್ ಸ್ಲಾಟ್ ಬಿಟ್ಟಿದ್ದೀರಿ? ಹೆಸರಿನ ವ್ಯತ್ಯಾಸಕ್ಕೆ ಎಷ್ಟು ಫೈಲ್ ತಡೆಹಿಡಿದಿದ್ದೀರಿ? 30 ದಿನದಲ್ಲಿ ಉತ್ತರ ಬರಬೇಕು. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.

ಪ್ರಶ್ನೆಗಳನ್ನು ಯಾರು ಬೇಕಾದರೂ ತಗೊಳ್ಳಿ. ಕೇಂದ್ರದ ಹೆಸರು ಬದಲಾಯಿಸಿದರೆ ಸಾಕು.

ಬೀದರ್ ಬಿದರಿ

ಮಗೂಗೆ ನಮ್ಮ ಆಶೀರ್ವಾದ. ನಮ್ಮ ಜಿಲ್ಲೆಯದು ನಾನು ನಾಳೆ ಹಾಕುತ್ತೇನೆ.

ತಾಲೂಕು ಸೈಬರ್

ನಮ್ಮ ತಾಲೂಕಿನದು ನಾನು. ಜೊತೆಗೆ ನಾಲ್ಕನೇ ಪ್ರಶ್ನೆ ಸೇರಿಸುತ್ತಿದ್ದೇನೆ, ಅರ್ಜಿಯ ಸೂಚನೆಗಳನ್ನು ಕನ್ನಡದಲ್ಲಿ ಯಾವಾಗ ಹಾಕುತ್ತೀರಿ ಅಂತ.

ಲೆಕ್ಕದ ಮೇಷ್ಟ್ರು

ಸೈಬರ್ ಅಣ್ಣ, "ಯಾವಾಗ ಹಾಕುತ್ತೀರಿ" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ತಳ್ಳಿಹಾಕುತ್ತಾರೆ. "ಕನ್ನಡದಲ್ಲಿ ಸೂಚನೆ ಕೊಡುವ ಬಗ್ಗೆ ಇದುವರೆಗೆ ಆದ ಪತ್ರವ್ಯವಹಾರದ ಪ್ರತಿ ಕೊಡಿ" ಅಂತ ಬರೆಯಿರಿ.